ಬಾಗಿಲಿಗೆ ಬಂದ ಸರ್ಕಾರ

ಮಾರ್ಚ್ ೯, ಸೋಮವಾರ

ನನ್ನ ಮೊಂಡಿಗೆ,

ನಿನ್ನ ಅಣ್ಣನ ಆಶೀರ್ವಾದಗಳು. ನೀವೆಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಇಷ್ಟು ದಿನ ಬರೆಯದೆ ಇದ್ದುದಕ್ಕೆ ಬಯ್ದುಕೊ. ನಿನ್ನ ಕಾನೂನಿನ ವಿರುದ್ಧ ಕೋರ್ಟಿನಲ್ಲಿ ವಾದಿಸಿ ಸೋತವನು ಮೊದಲು ಮಾತಾಡಬೇಕೋ, ಗೆದ್ದವಳೋ ಎಂದು ಬಿಗಿದುಕೊಂಡು ಕೂತೇ ಎರಡು ವರ್ಷ ಕಳೆದುಬಿಟ್ಟೆ.

ಸುದ್ದಿ ಏನೆಂದರೆ, ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡೆ. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಯಾರೋ ಬಾಗಿಲು ಬಡಿದರು. ಒಬ್ಬಳು ನರ್ಸ್. ಒಂಟಿ ಮುದುಕರ ಆರೈಕೆಗೆ ಸರ್ಕಾರವೇ ಜನ ಕಳಿಸಬೇಕು ಅಂತ ಸದನದಲ್ಲಿ ಗಂಟಲು ಹರಿದುಕೊಂಡು ಕಾನೂನು ತಂದೆಯಲ್ಲ, ಅದರ ನರ್ಸ್! ನನಗೆ ಮೈಯೆಲ್ಲ ಉರಿದುಹೋಯಿತು. "ಸರ್ಕಾರಕ್ಕೆ ನನ್ನ ಮನೆಯೊಳಗೇನಮ್ಮ ಕೆಲಸ?" ಎಂದೆ.

"ಸರ್ಕಾರಕ್ಕೇನಿದ್ಯೋ ಗೊತ್ತಿಲ್ಲ ಸಾರ್, ನನಗಂತೂ ಇದೆ. ಕಾಲು ಚಾಚಿ," ಎಂದಳು. ಚಾಚಿದೆ.

'ಘನತೆಯಿಂದ ಬದುಕುವ ಹಕ್ಕು'. ಸಂವಿಧಾನದ ಆ ಒಂದು ಸಾಲು ಹಿಡಿದುಕೊಂಡು ನಾವು ಎಷ್ಟು ಊಟ ತಣ್ಣಗಾಗಿಸಿದ್ದೇವೆ! "ಘನತೆ ಅಂದ್ರೆ ನನ್ನ ಪಾಡಿಗೆ ನನ್ನನ್ನ ಬಿಡೋದು. ಸಂವಿಧಾನ ಇರೋದೇ ಸರ್ಕಾರದ ಕೈ ಕಟ್ಟೋಕೆ," ಅಂತ ನಾನು. "ಬಿದ್ದವನನ್ನ ಅವನ ಪಾಡಿಗೆ ಬಿಟ್ರೆ ಅದ್ಯಾವ ಘನತೆ? ಕೈ ಕಟ್ಟಿಹಾಕಿದ್ರೆ ಎತ್ತೋರು ಯಾರು?" ಅಂತ ನೀನು. ನಿನ್ನ ಗಂಡ ಪಾಪ, "ಬರೆದವರ ಮನಸ್ಸಲ್ಲಿ ಏನಿತ್ತೋ ಅಷ್ಟೇ ಅರ್ಥ. ಅವರಂತೂ ಬಂದು ಹೇಳಲ್ಲ, ಊಟ ಮಾಡಿ," ಅಂತಿದ್ದ. ಈಗಲೂ ಹಾಗೇ ಅಂತಾನಾ?

ನಾನು ವಾದ ಬದಲಿಸಿದೆ ಅಂತ ಹಿಗ್ಗಬೇಡ. ಆದರೆ ಹುಡುಗಿ ಒಳ್ಳೆಯವಳು, ಕೈ ಹಗುರ. ಗೋಡೆ ಹಿಡಿಸಿ ಅಡುಗೆಮನೆಯವರೆಗೆ ನಡೆಸುತ್ತಾಳೆ. ದಾರಿಯುದ್ದಕ್ಕೂ ಅವಳನ್ನು ವಾದಕ್ಕೆ ಎಳೆಯುತ್ತೇನೆ. ಎಲ್ಲದಕ್ಕೂ "ನೀವು ಹೇಳೋದೂ ಸರೀನೇ ಸಾರ್" ಅನ್ನುತ್ತಾಳೆ. ಸರಿ ಅನ್ನುವವರ ಜೊತೆ ಎಷ್ಟು ಹೊತ್ತು ಮಾತಾಡುವುದು ಹೇಳು? ಅವಳಿಗೆ ಮುಂದಿನ ಮನೆ ಕಾಯುತ್ತಿರುತ್ತದೆ, ಹೋಗುತ್ತಾಳೆ. ಆಮೇಲೆ ಮನೆ ಬಿಕೋ ಅನ್ನುತ್ತದೆ. ರೇಡಿಯೋ ಹಾಕಿಕೊಂಡು ಸುದ್ದಿ ಓದುವವನಿಗೆ ಎದುರುತ್ತರ ಕೊಡುತ್ತ ಕೂರುತ್ತೇನೆ. ನನ್ನ ಪಾಡಿಗೆ ನನ್ನನ್ನು ಬಿಡಿ ಅಂತ ಜೀವಮಾನವಿಡೀ ಕೇಳಿದೆನಲ್ಲ, ಬಿಟ್ಟಿದ್ದಾರೆ. ತುಂಬಾ ಬೇಜಾರಾಗುತ್ತದೆ ಮೊಂಡಿ.

ಆರೋಗ್ಯ ನೋಡಿಕೊ. ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ದನಿ ಯಾವತ್ತೂ ತಗ್ಗದಿರಲಿ.

ನಿನ್ನ
ಅಣ್ಣ

ಮರೆತ ಮಾತು: ಅಂಚೆಗೆ ಹಾಕು ಅಂತ ಇದನ್ನು ನರ್ಸ್ ಕೈಗೆ ಕೊಟ್ಟಿದ್ದೆ. ಲಕೋಟೆಯ ಮೇಲಿನ ಹೆಸರು ಓದಿ, "ಅಯ್ಯೋ, ನಿಮ್ಮ ತಂಗೀನಾ ಸಾರ್ ಇವರು? ನೀವಿನ್ನೂ ಆಸ್ಪತ್ರೇಲಿದ್ದಾಗ್ಲೇ ನಮ್ಮ ಆಫೀಸಿಗೆ ಫೋನ್ ಮಾಡಿ, ನಿಮ್ಮನ್ನ ನೋಡ್ಕೊಳ್ಳಿ ಅಂದವರು ಇವರೇ," ಅಂದಳು. ವಾಪಸ್ ಇಸಿದುಕೊಂಡು ಇಷ್ಟು ಬರೆಯುತ್ತಿದ್ದೇನೆ. ಹಾಗಾದರೆ ನಾನು ಬಿದ್ದದ್ದು ನಿನಗೆ ಗೊತ್ತಿತ್ತು. ನಿನ್ನ ಮನೆ ಇರುವುದು ಎರಡು ಬೀದಿಯಾಚೆ. ಸರ್ಕಾರ ದಿನಾ ಬರುತ್ತಿದೆ ಮೊಂಡಿ. ನೀನು ಬರಲಿಲ್ಲ.