ಯಾರಾದರೂ ಬಳಸುತ್ತಿದ್ದೀರಾ?

ಅತ್ತಿಗೆಗೆ ನಮಸ್ಕಾರ.

"ಅವರು ಹೋದ್ಮೇಲೂ ಅವರ ಕಂಪ್ಯೂಟರ್ ದಿನಾ ಹಾಕ್ತೀನಪ್ಪಾ, ಅದರ ಗಡಿಯಾರ ನೋಡೇ ಮಾತ್ರೆ ನುಂಗೋದು. ಅಪ್‌ಡೇಟ್ ಆದಾಗಿನಿಂದ ಯಾಕೋ ಗಡಿಯಾರ ನಿಂತಿದೆ" ಎಂದು ನಿನ್ನೆ ನೀವು ಫೋನಿನಲ್ಲಿ ಅಂದಿರಿ.

ನಿಲ್ಲಿಸಿದ್ದು ನಾನೇ. ಆ ಗಡಿಯಾರ ಓಡಿಸುವ ಹಳೇ ಟೈಮರ್ ಚಿಪ್ಪಿಗಾಗಿ ಅಣ್ಣ ಬರೆದಿದ್ದ ಕೋಡನ್ನು, ಇಂಥ ಕಂಪ್ಯೂಟರುಗಳನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನಲ್‌ನಿಂದ ಕಿತ್ತುಹಾಕಿದೆ. ಕೀಳುವ ಮುನ್ನ "ಯಾರಾದರೂ ಬಳಸುತ್ತಿದ್ದೀರಾ?" ಎಂದು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಡಂಗುರ ಸಾರಿ ಮೂರು ತಿಂಗಳು ಕಾಯುವುದು ಅವರೇ ಕಲಿಸಿದ ಪದ್ಧತಿ. ಯಾರೂ ಸೊಲ್ಲೆತ್ತಲಿಲ್ಲ. ನಿಮ್ಮನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ.

ಕೋಡನ್ನು ಮತ್ತೆ ಸೇರಿಸಿದ್ದೇನೆ. ಇದರ ಜೊತೆಗಿರುವ ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರ್ ಹಾಕಿ, ಸಾಕು. ಇನ್ನು ಮೇಲೆ ಎಷ್ಟು ವರ್ಷ ನಿಮ್ಮಿಂದ ಸುದ್ದಿ ಬಾರದಿದ್ದರೂ, ಗಡಿಯಾರ ಓಡುತ್ತಿದೆ ಎಂದೇ ತಿಳಿಯುತ್ತೇನೆ.

ಇಂತಿ,
ಅಣ್ಣನ ಶಿಷ್ಯ