ಅಕ್ಕನ ಮಗಳ ಅಂಕ

ಅಕ್ಕನಿಗೆ,

ಪುಟ್ಟಿಯ ಬೂಟು ನನ್ನ ಬೈಕಿನ ಡಬ್ಬಿಯಲ್ಲೇ ಉಳಿದಿತ್ತು. ತೊಳೆದು, ಹೊಸ ಲೇಸು ಹಾಕಿ ಈ ಪತ್ರದ ಜೊತೆ ಕಳಿಸಿದ್ದೇನೆ.

ಬೇರೆ ಊರುಗಳಿಗೆ ಆಡಲು ಹೋಗುವ ಕ್ಲಬ್ಬಿನ ಫುಟ್‌ಬಾಲ್ ತಂಡಕ್ಕೆ ಕೋಚ್ ಆದ ನಾನು ಅವಳನ್ನು ಯಾಕೆ ಆರಿಸಲಿಲ್ಲ ಎಂದು ನೀನು ಕೇಳಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳಷ್ಟು ಅಚ್ಚುಕಟ್ಟಾಗಿ ಪಾಸ್ ಕೊಡುವ ಹುಡುಗಿ ಆಯ್ಕೆಗೆ ಬಂದವರಲ್ಲಿ ಇನ್ನೊಬ್ಬಳಿರಲಿಲ್ಲ. ಆದರೆ ಬೇಲಿಯಾಚೆ ನಿಂತ ಅಪ್ಪ ಅಮ್ಮಂದಿರು, "ಕೋಚ್‌ನ ಅಕ್ಕನ ಮಗಳಲ್ವಾ, ಅವಳಿಗೆ ಜಾಗ ಗ್ಯಾರಂಟಿ ಬಿಡಿ" ಎಂದು ನಕ್ಕರು. ಆಡಿಕೊಳ್ಳುವವರ ಬಾಯಿ ಮುಚ್ಚಿಸಲು ಹೋಗಿ ಆಯ್ಕೆಯ ಪಟ್ಟಿಯಲ್ಲಿ ಅವಳ ಅಂಕ ಕತ್ತರಿಸಿದೆ. ನ್ಯಾಯವಂತ ಅನ್ನಿಸಿಕೊಂಡೆ.

ನಡೆದದ್ದನ್ನು ಕ್ಲಬ್ಬಿನವರಿಗೆ ಹೇಳಿದ್ದೇನೆ. ಭಾನುವಾರ ಬೇರೆ ಕೋಚ್ ಬಂದು ಎಲ್ಲರ ಆಟವನ್ನೂ ಮತ್ತೆ ನೋಡುತ್ತಾರೆ. ಅವಳನ್ನು ದಯವಿಟ್ಟು ಕಳಿಸು. ನಾನು ಆ ಕಡೆ ತಲೆ ಹಾಕುವುದಿಲ್ಲ.

ಮೈದಾನದಲ್ಲಿ "ಮಾಮ" ಅನ್ನಬಾರದು, "ಸರ್" ಅನ್ನಬೇಕು ಎಂದು ಅವಳಿಗೆ ಕಲಿಸಿದವನು ನಾನೇ. ಮೊನ್ನೆ ನಿಮ್ಮ ಮನೆಗೆ ಬಂದಾಗ ಬಾಗಿಲು ತೆರೆದವಳು ಒಳಕ್ಕೆ ತಿರುಗಿ, "ಅಮ್ಮಾ, ಸರ್ ಬಂದಿದ್ದಾರೆ" ಎಂದಳು.

"ಯಾವ ಸರ್ ಕಣೇ?" ಎಂದು ನೀನು ಅಡುಗೆಮನೆಯಿಂದಲೇ ಕೇಳಿದೆ. ಅವಳು ಉತ್ತರ ಕೊಡುವ ಮೊದಲೇ ನಾನು ಮೆಟ್ಟಿಲಿಳಿದುಬಿಟ್ಟೆ.

ನಿನ್ನ ತಮ್ಮ