ಒಬ್ಬಳ ಕಣ್ಣಿಗೆ ಮೂವತ್ತು

ಭಾನುವಾರ, ಬೆಳಿಗ್ಗೆ

ನನ್ನ ಹಟಮಾರಿ ಮಗಳಿಗೆ, ಅದಕ್ಕಿಂತ ಹಟಮಾರಿಯಾದ ಅಮ್ಮನ ಪ್ರೀತಿ.

ಅಪ್ಪ ಹಕ್ಕಿ ನೋಡುತ್ತಿದ್ದ ದುರ್ಬೀನು, ಆ ಸ್ಪಾಟಿಂಗ್ ಸ್ಕೋಪನ್ನು ಕಳಿಸು, ನಮ್ಮನೆ ಗಾಜಿನ ಬೀರುವಿನಲ್ಲಿ ನೆನಪಿಗೆ ಇಡುತ್ತೇನೆ ಎಂದು ಮತ್ತೆ ಬರೆದಿದ್ದೀಯ. ಕಳಿಸುವುದಿಲ್ಲ. ಇವತ್ತಿನಿಂದ ಹಕ್ಕಿಗಣತಿ. ಕೆರೆ ದಂಡೆಯಲ್ಲಿ ಅವರು ನಿಲ್ಲುತ್ತಿದ್ದ ಜಾಗದಲ್ಲಿ ಈ ಸಲ ನಾನು ನಿಲ್ಲುತ್ತೇನೆ.

ಹೋದ ವಾರ ಇಲ್ಲಿಗೆ ಬಂದಿದ್ದ ಅಳಿಯಂದಿರನ್ನು ದಂಡೆಗೆ ಕರೆದುಕೊಂಡು ಹೋಗಿದ್ದೆ. ಸ್ಕೋಪಿಗೆ ಮೂವತ್ತು ಪಟ್ಟು ದೊಡ್ಡದು ಮಾಡುವ ಐಪೀಸ್, ಅದೇ ಕಣ್ಣಿಡುವ ಕಡೆಯ ಮಸೂರ, ಹಾಕಿದ್ದು ನೋಡಿ ನಕ್ಕರು. ಏನತ್ತೆ, ಮಾವ ಅರವತ್ತು ಪಟ್ಟಿನದ್ರಲ್ಲಿ ಹಕ್ಕಿ ಕಾಲಿನ ಗುರುತಿನ ಬಳೆ ನಂಬರ್ ಓದ್ತಿದ್ರು, ನೀವು ಅರ್ಧಕ್ಕೇ ಇಳಿದ್ಬಿಟ್ರಾ ಅಂದರು. ಅರವತ್ತರದ್ದು ಎಲ್ಲಿ ಅಂತಲೂ ಕೇಳಿದರು. ಮನೆಯಲ್ಲಿದೆ ಅಂದೆ.

ಮೊದಮೊದಲು ನಾನೂ ಅರವತ್ತರಲ್ಲೇ ಒದ್ದಾಡಿದೆ ಕಣೇ. ಕಾಣುವುದು ಅಂಗೈಯಷ್ಟು ಜಾಗ. ಹಕ್ಕಿ ಒಂದು ಹೆಜ್ಜೆ ಇಟ್ಟರೆ ಮಾಯ. ಚೂರು ಗಾಳಿ ಬೀಸಿದರೆ ಇಡೀ ಕೆರೆಯೇ ನಡುಗುತ್ತದೆ. ಬಿಸಿಲೇರಿದರೆ ನೀರಿನ ಮೇಲಿನ ಗಾಳಿ ಕುದಿಯುತ್ತದಲ್ಲ, ಆ ಕುದಿತವೂ ಹಕ್ಕಿಯ ಜೊತೆಗೆ ದೊಡ್ಡದಾಗಿ ಕಾಣುತ್ತದೆ. ಸಂಜೆಯಾದರೆ ಬರೀ ಮಬ್ಬು.

ನಿನ್ನಪ್ಪನಿಗೆ ಅದು ಹೇಗೆ ಒಗ್ಗಿತ್ತು ಗೊತ್ತಾ? ಪಕ್ಕದಲ್ಲಿ ನಾನಿದ್ದೆ. ಬರಿಗಣ್ಣಲ್ಲಿ ನೋಡುತ್ತಾ ಎಡಕ್ಕೆ, ಇನ್ನೂ ಚೂರು ಎಡಕ್ಕೆ, ಜೊಂಡಿನ ಹಿಂದೆ ಅನ್ನುತ್ತಿದ್ದವಳು ನಾನು. ತಡಿಯೇ, ಸಿಕ್ತು ಸಿಕ್ತು ಅಂತ ಹಕ್ಕಿ ಎದ್ದುಹೋಗುವ ಹಾಗೆ ಕೂಗುತ್ತಿದ್ದರು. ಅರವತ್ತು ಇಬ್ಬರ ಲೆಕ್ಕದ್ದು. ಈಗ ನನಗೆ ಎಡಕ್ಕೆ ಅನ್ನುವವರು ಯಾರೂ ಇಲ್ಲ. ಮೂವತ್ತರಲ್ಲಿ ಹಿಂಡು ಒಟ್ಟಿಗೆ ಕಾಣುತ್ತದೆ, ಒಂದು ಹಾರಿದರೆ ಎತ್ತ ಹೋಯಿತೆಂದು ನಾನೇ ಹುಡುಕಿಕೊಳ್ಳುತ್ತೇನೆ. ಬಳೆಯ ನಂಬರ್ ಕಾಣುವುದಿಲ್ಲ, ನಿಜ. ಕಾಣದಿದ್ದರೆ ಬೇಡ. ಎಷ್ಟು ಹಕ್ಕಿ ಬಂದಿವೆ ಎಂದು ಹೇಳಬಲ್ಲೆ, ಗಣತಿಗೆ ಅಷ್ಟು ಸಾಕು.

ಅಪ್ಪ ಇಟ್ಟ ಹಾಗೇ ಇರಲಿ ಎನ್ನುತ್ತೀಯ. ಅವರು ಇಟ್ಟ ಹಾಗೆ ಇಡೀ ಮನೆ ಇಟ್ಟಿದ್ದೇನೆ. ಬಾಗಿಲಲ್ಲಿ ಅವರ ಚಪ್ಪಲಿ ದಾಟಿಕೊಂಡೇ ಓಡಾಡುತ್ತೇನೆ. ಇದೊಂದನ್ನು ಮಾತ್ರ ನನ್ನ ಕಣ್ಣಿಗೆ ಹೊಂದಿಸಿಕೊಂಡಿದ್ದೇನೆ. ನಿನಗೆ ಕೋಪ ಬಂದರೆ ಬರಲಿ.

ದಂಡೆಗೆ ಹೊರಟಿರುವ,
ನಿನ್ನ ಅಮ್ಮ

ತಾ.ಕ.: ಅಳಿಯಂದಿರಿಗೆ ಹೇಳಿದ್ದು ಸುಳ್ಳು. ಅರವತ್ತರದ್ದು ಮನೆಯಲ್ಲಿಲ್ಲ. ಅದನ್ನು ಅಂಗಡಿಯಲ್ಲಿ ಕೊಟ್ಟೇ ಮೂವತ್ತರದ್ದು ತಂದೆ. ಅಂಗಡಿಯವನು ಅದನ್ನು ಕೈಯಲ್ಲಿ ಹಿಡಿದುಕೊಂಡು, ಅಮ್ಮಾ, ಮನೇಲಿ ಒಂದ್ಮಾತು ಕೇಳ್ಕೊಂಡು ಬನ್ನಿ ಅಂದ. ಕೇಳಾಯ್ತು, ಕೊಡಪ್ಪ ಅಂದೆ.